ಆ ನಗು ಒರೆಸು

ಕಾಶಿಯ ಪಕ್ಕದ ರಾಮನಗರದ ಕುಸ್ತಿ ಅಖಾಡದ ಮಣ್ಣನ್ನು ಬೆಳಗಿನಿಂದಲೇ ಅಗೆದು, ಸಾಸಿವೆ ಎಣ್ಣೆ, ಅರಿಸಿನ, ಮಜ್ಜಿಗೆ ಸುರಿದು ಹದ ಮಾಡಿದ್ದರು. ಮಧ್ಯಾಹ್ನದ ಬಿಸಿಲಿಗೆ ಹುಳಿ ವಾಸನೆ ಏಳುತ್ತಿತ್ತು. ಬೇವಿನ ಮರದ ಕಟ್ಟೆಯ ಮೇಲೆ ಬಸಲಿಂಗಮ್ಮ ಕಾಲು ಚಾಚಿ ಕೂತಿದ್ದಳು. ಕಾಶಿಯಲ್ಲೇ ಲಿಂಗೈಕ್ಯಳಾಗಬೇಕೆಂದು ಮುಧೋಳದ ಕಡೆಯ ಹಳ್ಳಿಯಿಂದ ಬಂದು ಮಠದಲ್ಲಿ ಉಳಿದವಳು. ಸೊಂಟ ಬಿದ್ದ ಮೇಲೆ ಅವಳನ್ನು ದಿನಾ ತೋಳಲ್ಲಿ ಎತ್ತಿ, ಘಾಟಿನ ಮೆಟ್ಟಿಲಿಳಿಸಿ, ಗಂಗೆಯಲ್ಲಿ ಮುಳುಗಿಸಿ ತರುವವನು ಮೊಮ್ಮಗ ಶರಣ. ಹೋದ ಯುಗಾದಿಯ ಹೊತ್ತಿಗೆ ಅವನ ಬಲ ಹೆಗಲಿನ ಕೀಲು ತಪ್ಪಿತ್ತು. ನಾಟಿ ವೈದ್ಯ ಕೂಡಿಸಿದ್ದ. ಇನ್ನೊಮ್ಮೆ ತಪ್ಪಿದರೆ ಆ ಕೈ ಕೆಲಸಕ್ಕೆ ಬಾರದು ಎಂದೂ ಹೇಳಿದ್ದ.

ಇವತ್ತು ಅವನ ಎದುರಿಗೆ ರಷ್ಯಾದ ಪೈಲ್ವಾನ ರುಸ್ಲಾನ್. ಜೊತೆಗೆ ಬಂದ ಕೋಚ್ ಇಂಗ್ಲೆಂಡಿನವನು; ಅವನಿಗೆ ರಷ್ಯನ್ ಬಾರದು, ರುಸ್ಲಾನನಿಗೆ ಇಂಗ್ಲಿಷ್ ಬಾರದು. ನಡುವೆ ಮಾತು ದಾಟಿಸಲು ಕಾಂತೇಶ. ಮಠದ ಅಡುಗೆಯವರ ಮಗ, ಕಾಶಿಯಲ್ಲೇ ಹುಟ್ಟಿದವನು, ರಷ್ಯನ್ ಓದಿ ಪ್ರವಾಸಿಗರನ್ನು ತಿರುಗಿಸುತ್ತಿದ್ದವನು. ಶರಣನ ಗೆಳೆಯ. ಈ ಕುಸ್ತಿ ಗೊತ್ತು ಮಾಡಿದವನೂ ಅವನೇ.

"ಅಂವನ ಮಾರಿ ನೋಡೋ ಕಾಂತ್ಯಾ," ಎಂದಳು ಮುದುಕಿ. "ಬೇನಿ ಬಿದ್ದಾವ್ರಂಗ ಅದಾನ. ಒಂಚೂರು ನಗಬಾರದೇನ?"

"ರಷ್ಯಾದಾವ್ರು ಹಂಗ ಅಜ್ಜಿ. ಗುರ್ತಿಲ್ದಾವ್ರಿಗೆ ನಗಂಗಿಲ್ಲ. ಫಾಲ್ತೂ ನಕ್ರ ತಮ್ಮನ್ನ ಆಡ್ಕೋಳಾಕತ್ತಾರ ಅಂತಾರ."

"ನಮ್ಮಾಂವ ನೋವಾದಾಗಷ್ಟ ನಗ್ತಾನ. ಛಂದ ಜೋಡಿ ಹಚ್ಚಿ ಬಿಡು!"

ಅದು ಶರಣನ ಊರಿನ ಗರಡಿಯ ರೂಢಿ. ಉಸ್ತಾದರು ಹುಡುಗರ ತರಚು ಗಾಯಕ್ಕೆ ಉಪ್ಪು ಒತ್ತಿ ಮುಖ ನೋಡುತ್ತಿದ್ದರು. ಹಲ್ಲು ಬಿಟ್ಟು ನಕ್ಕವನಿಗಷ್ಟೇ ಅಂದು ಕಣಕ್ಕೆ ಇಳಿಯುವ ಅಪ್ಪಣೆ. ಎಲ್ಲಿ ನೋಯುತ್ತಿದೆ ಎಂದು ಎದುರಾಳಿಗೆ ತಿಳಿಯಬಾರದು. ಶರಣನ ಮುಖಕ್ಕೆ ಆ ರೂಢಿ ಚರ್ಮದಂತೆ ಅಂಟಿತ್ತು.

ಅಖಾಡದ ಗುರು ಬದರೀನಾರಾಯಣ ಇಬ್ಬರ ಕೈ ಕೂಡಿಸಿ ಹಿಂದೆ ಸರಿದ. ಬಹಳ ಹೊತ್ತು ಇಬ್ಬರೂ ಕೋಣಗಳಂತೆ ಹಣೆಗೆ ಹಣೆ ಕೊಟ್ಟು ನಿಂತರು. ಆಮೇಲೆ ಶರಣ ಬಗ್ಗಿ, ರುಸ್ಲಾನನನ್ನು ಹೆಗಲ ಮೇಲಿಂದ ಎತ್ತಿ ಒಗೆದ. ನೆಲ ಗುದ್ದಿದ ಸದ್ದಾಯಿತು; ಆದರೆ ಅವನು ಪಕ್ಕೆಗೆ ಬಿದ್ದ, ಬೆನ್ನು ಮಣ್ಣಿಗೆ ತಾಗದೆ ಕುಸ್ತಿ ಉಳಿಯಿತು. ಜನ ಹರಹರ ಮಹಾದೇವ ಎಂದು ಕೂಗಿದರು. ಒಗೆದ ರಭಸಕ್ಕೆ ಶರಣನ ಬಲ ಹೆಗಲಿನ ಕೀಲಿನಲ್ಲಿ ಕೆಂಡ ಇಟ್ಟಂತಾಯಿತು. ಅವನು ನಕ್ಕ.

ಕೋಚಿನ ಮುಖ ಕೆಂಪಾಯಿತು. "ವೈಪ್ ದಟ್ ಸ್ಮೈಲ್ ಆಫ್ ಹಿಸ್ ಫೇಸ್! ಹೇಳು ಅವನಿಗೆ."

ಅವನ ಮುಖದ ನಗು ಒರೆಸಿಬಿಡು. ಇಂಗ್ಲಿಷಿನವರು ಸೋಲಿಸು ಎನ್ನುವುದಕ್ಕೂ ಸಿಟ್ಟಿನಲ್ಲಿ ಹಾಗೆನ್ನುತ್ತಾರೆ ಎಂದು ಕಾಂತೇಶ ಬಲ್ಲ. "ಗೆಲ್ಲಬೇಕಂತೆ," ಎಂದಷ್ಟೇ ರಷ್ಯನ್ನಿನಲ್ಲಿ ಹೇಳಿದ.

ಕೋಚ್ ಅವನ ಅಂಗಿ ಹಿಡಿದೆಳೆದ. "ಇಷ್ಟು ಚಿಕ್ಕದಾಗಿ ಏನು ಹೇಳಿದೆ? ನಾನು ಅಂದ ಹಾಗೆಯೇ ಹೇಳು."

ಕಾಂತೇಶ ಅಂದ ಹಾಗೆಯೇ ಹೇಳಿದ. ರಷ್ಯನ್ನಿನಲ್ಲಿಯೂ ಅದು ಸಲೀಸಾಗಿಯೇ ಕೂತಿತು.

ರುಸ್ಲಾನ್ ತಲೆಯಾಡಿಸಿ, ಹೇಳಿದ ಕೆಲಸ ಮಾಡತೊಡಗಿದ. ಶರಣನನ್ನು ಕೆಡವಿ ಬೆನ್ನೇರಿ, ಮೊಣಕೈಯ ಎಲುಬನ್ನು ಅವನ ಮುಖಕ್ಕೆ ಅಡ್ಡ ಹಾಕಿ ಅರೆದ. ಮೂಗಿನಿಂದ ರಕ್ತ ಬಂತು. ತುಟಿ ಸೀಳಿತು. ಮಣ್ಣು ಬಾಯೊಳಗೆ ಹೋಯಿತು. ಮುಖ ಎತ್ತಿದಾಗ ಶರಣನ ಹಲ್ಲು ಮೊದಲಿಗಿಂತ ಹೆಚ್ಚು ಕಾಣುತ್ತಿದ್ದವು. ರುಸ್ಲಾನ್ ಮತ್ತೆ ಅರೆದ.

ಬದರೀನಾರಾಯಣ ಬೆತ್ತ ಆಡಿಸಿ ಬಿಡಿಸಿದ. ಕೈಗೆ ಮಣ್ಣು ಹಚ್ಚಿಕೊಳ್ಳುವ ನೆವದಲ್ಲಿ ರುಸ್ಲಾನ್ ಅಂಚಿಗೆ ಬಂದ. ಕಣ್ಣು ಉರಿಯುತ್ತಿದ್ದವು. "ಎಷ್ಟು ಒರೆಸಿದರೂ ಹೋಗುತ್ತಿಲ್ಲ. ನನ್ನನ್ನು ನೋಡಿ ನಗುತ್ತಾನೆ. ಈ ಸಲ ಅವನ ದವಡೆಯನ್ನೇ ಮುರಿಯುತ್ತೇನೆ."

ಕಾಂತೇಶ ಲೆಕ್ಕ ಹಾಕಿದ. ಇವನ ಸಿಟ್ಟು ಇಳಿಯಬೇಕಾದರೆ ಆ ನಗು ಏನೆಂದು ಹೇಳಬೇಕು. ಹೇಳಿದರೆ, ಗೆಳೆಯ ಇಷ್ಟು ಹೊತ್ತು ಹಲ್ಲು ಕಚ್ಚಿ ಮುಚ್ಚಿಟ್ಟಿದ್ದನ್ನು ಬಿಟ್ಟುಕೊಟ್ಟಂತೆ. ಎದುರಿಗೆ ಶರಣ ರಕ್ತ ಉಗುಳಿ ತೊಡೆ ತಟ್ಟುತ್ತಿದ್ದ.

"ಅವನು ನಿನ್ನನ್ನು ನೋಡಿ ನಗುತ್ತಿಲ್ಲ," ಎಂದ ಕಾಂತೇಶ. "ನೋವಾದಾಗ ಅವನ ಮುಖ ಹಾಗಾಗುತ್ತದೆ. ಬೇರೆಯವರು ಅಳುವ ಕಡೆ ಅವನು ನಗುತ್ತಾನೆ."

ರುಸ್ಲಾನ್ ಶರಣನತ್ತ ತಿರುಗಿ ನಿಧಾನವಾಗಿ ನೋಡಿದ. ಉಸಿರು ಹದಕ್ಕೆ ಬಂತು. ಸಿಟ್ಟು ನಿಜಕ್ಕೂ ಇಳಿದಿತ್ತು. ಕಾಂತೇಶ ಬೆವರು ಒರೆಸಿಕೊಂಡ.

ಮತ್ತೆ ಹಿಡಿದಾಗ ರುಸ್ಲಾನ್ ಮುಖ ಮುಟ್ಟಲೇ ಇಲ್ಲ. ಸಂತೆಯಲ್ಲಿ ಎತ್ತಿನ ಮೈ ತಡವುವವನಂತೆ, ಒಂದೊಂದೇ ಕಡೆ ಒತ್ತಿ ಮುಖ ನೋಡಿದ. ಮೊಣಕಾಲು. ಪಕ್ಕೆ. ಎಡ ಹೆಗಲು. ಬಲ ಹೆಗಲು ಒತ್ತಿದಾಗ ಶರಣ ನಕ್ಕ.

"ಶರಣಾ, ನಗಬ್ಯಾಡ!" ಎಂದು ಕಾಂತೇಶ ಚೀರಿದ.

ರುಸ್ಲಾನ್ ಆ ಕೈಯನ್ನು ಬೆನ್ನ ಹಿಂದಕ್ಕೆ ಒಯ್ದು, ತನ್ನ ಭಾರವನ್ನೆಲ್ಲ ಹೇರಿ, ಮೇಲಕ್ಕೆ ತಿರುವಿದ. ಹಸಿ ಕಬ್ಬು ಮುರಿದಂಥ ಸದ್ದು ಕಟ್ಟೆಯವರೆಗೆ ಕೇಳಿಸಿತು. ಶರಣನ ಬಾಯಿ ತೆರೆದು ಕೂಗು ಹೊರಬಿತ್ತು. ಮುಖದಲ್ಲಿ ನಗು ಇರಲಿಲ್ಲ. ಕೋಚ್ ಚಪ್ಪಾಳೆ ತಟ್ಟಿದ.

ಕಾಂತೇಶ ಓಡಿದ. ಶರಣ ಮಣ್ಣಿನಲ್ಲಿ ಕೂತಿದ್ದ. ಬಲಗೈ ಇನ್ನೊಬ್ಬರದೆಂಬಂತೆ ಜೋತಾಡುತ್ತಿತ್ತು.

"ಕಡೀಕ ಅಂವಂಗ ಏನ್ ಹೇಳ್ದಿ?"

"ಅಂವಂದು ಸಿಟ್ಟು ಇಳೀಲಿ ಅಂತ..."

"ಏನ್ ಹೇಳ್ದಿ ಅದನ್ನ ಹೇಳೋ ಮಗನ."

ಕಾಂತೇಶ ಕನ್ನಡದಲ್ಲಿ ಹೇಳಿದ. ಶರಣ ಕೊನೆಯವರೆಗೂ ಕೇಳಿಸಿಕೊಂಡು, ಎಡ ಮುಷ್ಟಿಯಿಂದ ಅವನ ಬಾಯಿಗೆ ಗುದ್ದಿದ. ಕಾಂತೇಶ ಅಂಗಾತ ಬಿದ್ದ. ಯಾರೂ ಎತ್ತಲಿಲ್ಲ. ತಾನೇ ಎದ್ದು, ಸಡಿಲಾದ ಹಲ್ಲನ್ನು ನಾಲಿಗೆಯಿಂದ ಒತ್ತುತ್ತ ಕಟ್ಟೆಯ ಬಳಿ ಹೋಗಿ ಕೈ ಚಾಚಿದ.

"ಬಾ ಅಜ್ಜಿ. ನಾಳಿಂದ ನಾನ ನಿನ್ನ ಘಾಟಿಗೆ ಎತ್ಕೊಂಡ್ ಹೋಗ್ತೀನಿ."

"ಹೆಣ ಆದಮ್ಯಾಲ ಎತ್ತು," ಎಂದಳು ಬಸಲಿಂಗಮ್ಮ. "ಜೀವ ಇರೂತನಾ ಮುಟ್ಟಬ್ಯಾಡ."

ಅವಳು ಕಟ್ಟೆಯಿಂದ ಕೆಳಕ್ಕೆ ಜಾರಿ ಬಿದ್ದಳು. ಅಂಗೈ ಊರಿ, ಸತ್ತ ಕಾಲುಗಳನ್ನು ಎಳೆದುಕೊಂಡು ಅಖಾಡದ ಕಡೆ ತೆವಳತೊಡಗಿದಳು. ಹೆಂಗಸರು ಆ ಮಣ್ಣು ತುಳಿಯುವಂತಿಲ್ಲ. "ಮಾತಾಜೀ..." ಎಂದು ಬೆತ್ತ ಎತ್ತಿದ ಬದರೀನಾರಾಯಣ ಅವಳ ಮುಖ ನೋಡಿ ದಾರಿ ಬಿಟ್ಟ.