ಇನ್ನು ಬೆಂಕಿ ನಂದು

ಇದು ನಡೆದದ್ದು. ಬೇರೆ ಕತೆ ಹೇಳುವಾಗ ನಾನು ಅಲ್ಲೊಂದು ಇಲ್ಲೊಂದು ಚೂರು ಸೇರಿಸುವುದುಂಟು, ಇದಕ್ಕೆ ಸೇರಿಸಿಲ್ಲ. ಒಂದು ಮಾತು ಸುಳ್ಳಾದರೂ ನಾಳೆಯಿಂದ ನನ್ನ ಮೀಸೆ ನಿಮ್ಮ ಮುಖದಲ್ಲಿ ಬೆಳೆಯಲಿ. ಬನ್ನಿ, ಬೆಂಕಿಯ ಹತ್ತಿರ ಕೂತುಕೊಳ್ಳಿ. ಹೊರಗೆ ಚಳಿ.

ನಮ್ಮ ಊರಿನ ಮಿಲ್ಲು ಮುಚ್ಚಿ ಬಹಳ ವರ್ಷವಾಗಿತ್ತು. ಅದರ ಬೆನ್ನಿಗೇ ಅಂಗಡಿಗಳು ಬಾಗಿಲು ಹಾಕಿದವು, ಆಮೇಲೆ ಟಾಕೀಸು. ಕೊನೆಗೆ ಕಳ್ಳರೂ ಊರು ಬಿಟ್ಟರು. ಅವರಿಗೂ ಹೆಂಡತಿ ಮಕ್ಕಳಿರುತ್ತಾರಲ್ಲ. ಆಗ ಮೇಯರಿಗೆ ಒಂದು ಯೋಚನೆ ಹೊಳೆಯಿತು. ಊರಿನ ಬಗ್ಗೆ ಸಣ್ಣದೊಂದು ಸಿನಿಮಾ ತೆಗೆಸುವುದು, ದೂರದ ದೊಡ್ಡ ದೊಡ್ಡ ಸಾಹುಕಾರರಿಗೆ ತೋರಿಸುವುದು, ಅವರು ಮರುಳಾಗಿ ಬಂದು ಇಲ್ಲಿ ಕಾರ್ಖಾನೆ ಹಾಕುವುದು.

ಶೂಟಿಂಗ್‌ನವರು ಬಂದರು. ಅವರ ವ್ಯಾನು ಓಡಿಸುವ ಕೆಲಸ ನನಗೆ ಸಿಕ್ಕಿತು. ಡೈರೆಕ್ಟರು ಮನೆಯೊಳಗೂ ಕಪ್ಪು ಕನ್ನಡಕ ತೆಗೆಯದ ಮನುಷ್ಯ. ಮುಖ್ಯ ರಸ್ತೆಯ ಮನೆಗಳಿಗೆಲ್ಲ ಬಣ್ಣ ಬಳಿಸಿದರು, ಕ್ಯಾಮೆರಾಕ್ಕೆ ಕಾಣುವ ಮುಂದುಗಡೆಗೆ ಮಾತ್ರ. ಒಂದು ಮನೆಗೆ ಎಷ್ಟು ಬಳಿದರೆಂದರೆ ಬಣ್ಣದ ಭಾರಕ್ಕೆ ಮನೆ ಮುಂದಕ್ಕೆ ಬಾಗಿತು. ಒಳಗಿನ ಮುದುಕಿ ಇವತ್ತಿಗೂ ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಮಲಗುತ್ತಾಳೆ.

ಎಲ್ಲ ಮುಗಿಯಿತು ಅನ್ನುವಾಗ ಡೈರೆಕ್ಟರು ಮಿಲ್ಲಿನ ಚಿಮಣಿ ನೋಡಿ ತಲೆ ಅಲ್ಲಾಡಿಸಿದರು. ಹೊಗೆಯಿಲ್ಲದ ಚಿಮಣಿ ಹೆಣದ ಬೆರಳಿನ ಹಾಗೆ ಕಾಣುತ್ತದಂತೆ. ಹೊಗೆ ಬೇಕು, ಕಪ್ಪಗೆ, ದಪ್ಪಗೆ, ಒಂದು ಬೆಳಿಗ್ಗೆಗೆ ಸಾಕು ಅಂದರು. ನನ್ನ ಬಾಯಿ ಸುಮ್ಮನಿರಬೇಕಲ್ಲ. ನಮ್ಮ ಭಾವ ಅದೇ ಮಿಲ್ಲಿನ ಬಾಯ್ಲರಿನಲ್ಲಿದ್ದವರು ಅಂದೆ.

ಭಾವ ಅಂದರೆ ನಮ್ಮ ಅಕ್ಕನ ಗಂಡ. ಮಿಲ್ಲು ಮುಚ್ಚಿದಾಗಿನಿಂದ ಮನೆಯ ಮೆಟ್ಟಿಲ ಮೇಲೆ ಚಿಮಣಿಗೆ ಮುಖ ಮಾಡಿ ಕೂತಿರುತ್ತಿದ್ದರು. ಎದೆಯಲ್ಲಿ ಹಳೇ ಹೊಗೆಯೆಲ್ಲ ಗೂಡು ಕಟ್ಟಿತ್ತು. ಉಸಿರು ಎಳೆದರೆ ತುಕ್ಕು ಹಿಡಿದ ಬಾಗಿಲು ತೆಗೆದ ಹಾಗೆ ಸದ್ದು. ಇನ್ನೊಂದು ಸಲ ಹೊಗೆ ಕುಡಿದರೆ ನನ್ನ ಹತ್ತಿರ ತರಬೇಡಿ ಅಂತ ಡಾಕ್ಟರು ಹೇಳಿಬಿಟ್ಟಿದ್ದರು. ನಾನು ವಿಷಯ ಎತ್ತಿದ್ದೇ ತಡ, ಭಾವ ಎದ್ದು ಹಳೇ ಬೂಟು ಹುಡುಕತೊಡಗಿದರು. ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ನೀನೇ ಕರ್ಕೊಂಡು ಹೋಗ್ತಿದೀಯ, ನೀನೇ ಕರ್ಕೊಂಡು ಬರ್ಬೇಕು," ಅಂದಳು. "ಇವರ ಉಸಿರು ನಿನ್ನ ಕೈಲಿ ಕೊಡ್ತಿದೀನಿ."

ಕರೆದುಕೊಂಡು ಬರುತ್ತೇನೆ ಅಂದೆ.

ಬಾಯ್ಲರಿನವರದು ಒಂದು ಕಟ್ಟಳೆಯಿದೆ, ಅದು ನಿಮಗೆ ಗೊತ್ತಿರಬೇಕು. ಬೆಂಕಿ ಹಚ್ಚಿದವನು ಅದನ್ನು ಬಿಟ್ಟು ಏಳುವ ಹಾಗಿಲ್ಲ. ಮುಂದಿನ ಪಾಳಿಯವನು ಬಂದು ಬೆಂಕಿ ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟು, "ಇನ್ನು ಬೆಂಕಿ ನಂದು, ನೀ ಹೋಗು," ಅನ್ನಬೇಕು. ಅಂದ ಮೇಲೇ ಇವನು ಏಳುವುದು. ಹಿಂದೊಮ್ಮೆ ಯಾರೋ ಹಾಗೇ ಎದ್ದು ಹೋಗಿ ಬಾಯ್ಲರ್ ಸಿಡಿಯಿತು. ಛಾವಣಿ ಹಾರಿ ಪಕ್ಕದ ಊರಿನಲ್ಲಿ ಬಿತ್ತು, ಅಲ್ಲಿಯವರು ಅದಕ್ಕೆ ಗೋಡೆ ಕಟ್ಟಿಕೊಂಡು ಶಾಲೆ ಮಾಡಿದರು. ಒಳಗಿದ್ದ ಮೂವರನ್ನು ಮಾತ್ರ ಒಂದೇ ಬುಟ್ಟಿಯಲ್ಲಿ ಮನೆಗೆ ಕಳಿಸಿದರು. ಅವತ್ತಿನಿಂದ ಆ ಮಾತಿಗೆ ಅಷ್ಟು ಬೆಲೆ.

ಮಿಲ್ಲು ಮುಚ್ಚಿದ ದಿನ ಭಾವ ಬೆಂಕಿ ಬಿಡಲಿಲ್ಲ. ಪೊಲೀಸರು ರಟ್ಟೆ ಹಿಡಿದು ಎಳೆದು, ಅವರ ಕಣ್ಣೆದುರೇ ನೀರು ಸುರಿದು ಆರಿಸಿದರು.

ಶೂಟಿಂಗ್ ದಿನ ಬೆಳಿಗ್ಗೆ ಭಾವ ಹಳೇ ಟೈರು, ಮುರಿದ ಮಗ್ಗ ಎಲ್ಲ ಒಟ್ಟಿ ಬೆಂಕಿ ಕೊಟ್ಟರು. ಮೊದಲು ಚಿಮಣಿಯಿಂದ ಕಾಗೆಗಳು ಹೊರಟವು. ಎಷ್ಟು ಕಾಗೆ ಅಂದರೆ ಕೋಳಿಗಳು ಕತ್ತಲಾಯಿತೆಂದು ಗೂಡು ಸೇರಿದವು. ಆಮೇಲೆ ಹೊಗೆ. ಡೈರೆಕ್ಟರು ಕನ್ನಡಕ ತೆಗೆದು ನೋಡಿದರು.

ಹೊಗೆ ಊರಿಗೆಲ್ಲ ಕಾಣುತ್ತದೆ ಅನ್ನುವುದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಜನ ಬಂದರು. ಓಡಿ ಬಂದರು. ಅಟ್ಟದಿಂದ ಊಟದ ಡಬ್ಬಿ ಇಳಿಸಿಕೊಂಡು, ಬಿಗಿಯಾದ ಹಳೇ ಖಾಕಿ ಅಂಗಿಗೆ ಗುಂಡಿ ಹಾಕಲಾಗದೆ ಹಾಗೇ ಹಾಕಿಕೊಂಡು. ಒಬ್ಬ ಅರ್ಧ ಗಡ್ಡ ಬೋಳಿಸಿಕೊಂಡು, ಇನ್ನರ್ಧಕ್ಕೆ ಸೋಪು ಹಚ್ಚಿಕೊಂಡೇ ಬಂದಿದ್ದ. ಗೇಟಿನಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಡೈರೆಕ್ಟರು ಕ್ಯಾಮೆರಾ ಅತ್ತ ತಿರುಗಿಸಿ ಎಲ್ಲವನ್ನೂ ಹಿಡಿದರು. ಹೇಳಿ ಮಾಡಿಸಿದರೂ ಹೀಗೆ ಬರುತ್ತಿರಲಿಲ್ಲ ಅಂತ ನನ್ನ ಬೆನ್ನು ತಟ್ಟಿದರು. ಶಾಟ್ ಮುಗಿಯಿತು. ಇದು ಬರೀ ಸಿನಿಮಾ, ಮನೆಗೆ ಹೋಗಿ ಅಂತ ವಾಚ್‌ಮನ್ ಕೂಗಿ ಗೇಟು ಹಾಕಿದ. ಯಾರೂ ಹೋಗಲಿಲ್ಲ. ಡಬ್ಬಿ ಹಿಡಿದುಕೊಂಡು ಹೊಗೆಯನ್ನೇ ನೋಡುತ್ತ ನಿಂತರು.

ನಾನು ಒಳಗೆ ಹೋಗಿ, "ಏಳಿ ಭಾವ, ಅಕ್ಕ ಕಾಯ್ತಿದಾಳೆ," ಅಂದೆ.

"ಮುಂದಿನ ಪಾಳಿಯವನು ಬರ್ಲಿ," ಅಂದರು.

ಮುಂದಿನ ಪಾಳಿಯವನನ್ನು ಎಲ್ಲರೂ ಬೆಕ್ಕು ಅಂತ ಕರೆಯುತ್ತಿದ್ದರು. ಬೆಕ್ಕು ಸತ್ತು ಎಷ್ಟೋ ಕಾಲವಾಗಿತ್ತು. ಹೆಣಕ್ಕೆ ಹೆಗಲು ಕೊಟ್ಟವರೇ ಭಾವ.

"ಭಾವ, ಬೆಕ್ಕು ಇನ್ನೆಲ್ಲಿ ಬರ್ತಾನೆ?"

"ಹಾಗಂತ ಬಿಟ್ಟು ಹೋಗೋಕಾಗುತ್ತೇನೋ. ಹೊರಗೆ ನಿಂತಿದಾರಲ್ಲ, ಹೊಗೆ ನಿಂತ್ರೆ ಅವರು ಯಾವ ಮುಖ ಹೊತ್ಕೊಂಡು ಮನೆಗೆ ಹೋಗ್ಬೇಕು?"

ಬೇಡಿಕೊಂಡು ಡೈರೆಕ್ಟರನ್ನು ಕರೆತಂದೆ. ಪಾಪ, ಅವರು ನಗುನಗುತ್ತಲೇ ಕರ್ಚೀಫು ಸುತ್ತಿದ ಕೈಯನ್ನು ಹಿಡಿಯ ಮೇಲಿಟ್ಟು, ಹೇಳಿಕೊಟ್ಟ ಮಾತನ್ನು ಚೆನ್ನಾಗಿಯೇ ಹೇಳಿದರು. ಭಾವ ಎದ್ದರು, ಕೈ ಒರೆಸಿಕೊಂಡರು. ಅಷ್ಟರಲ್ಲಿ ಡೈರೆಕ್ಟರು ಹೊರಗೆ ಹೋಗಿ ವ್ಯಾನು ಹತ್ತಿ ಹಾರ್ನ್ ಹೊಡೆದರು. ಭಾವ ಅದನ್ನು ಕೇಳಿ ಮತ್ತೆ ಕೂತುಬಿಟ್ಟರು.

ಆಮೇಲೆ ಉರಿಸುವುದಕ್ಕೆ ಜನರೇ ತಂದುಕೊಟ್ಟರು. ಮೊದಲು ಮುರಿದ ಕುರ್ಚಿ, ಆಮೇಲೆ ಮುರಿಯದ ಕುರ್ಚಿ, ತೊಟ್ಟಿಲು, ಮಂಚ, ಬಾಗಿಲು. ಬಣ್ಣ ಬಳಿದ ಮನೆಗಳ ಬಾಗಿಲು ಚಿಟಪಟ ಅಂತ ಚೆನ್ನಾಗಿ ಉರಿದವು. ಅಕ್ಕ ದಿನಾ ಗಂಜಿ ತಂದು ಬೆಂಕಿ ಬಾಗಿಲ ಮುಂದೆ ಕೂತು ಕುಡಿಸುತ್ತಿದ್ದಳು. ನನ್ನ ಮುಖ ನೋಡುತ್ತಿರಲಿಲ್ಲ. ಭಾವನ ಕೆಮ್ಮು ಗೇಟಿನ ತನಕ ಕೇಳುತ್ತಿತ್ತು. ಹೊರಗಿನವರು ಅದನ್ನು ಮೆಷಿನ್ನಿನ ಸದ್ದು ಅಂದುಕೊಂಡರು.

ಸಿನಿಮಾ ನೋಡಿ ಸಾಹುಕಾರರು ಬಂದರು. ಒಂದು ಉದ್ದನೆಯ ಕಾರು. ಎಷ್ಟು ಉದ್ದ ಅಂದರೆ ಮುಂದಿನವರು ಇಳಿದು ಚಹಾ ಕುಡಿದು ಮುಗಿಸಿದ ಮೇಲೆ ಹಿಂದಿನವರು ಊರೊಳಗೆ ಬಂದರು. ಮೇಯರು ಹೊಗೆ ತೋರಿಸಿದರು, ಗೇಟಿನಲ್ಲಿ ಡಬ್ಬಿ ಹಿಡಿದು ನಿಂತ ಜನ ತೋರಿಸಿದರು. ಹಿರಿಯ ಸಾಹುಕಾರ ನೋಡಿ ಮುಖ ಸಿಂಡರಿಸಿದ. "ಕೆಲಸ ಇರೋ ಊರಲ್ಲಿ ಕೂಲಿ ಜಾಸ್ತಿ ಕೇಳ್ತಾರೆ ಸ್ವಾಮಿ," ಅಂದ. "ನಮಗೆ ಬೇಕಾಗಿರೋದು ಒಂದೂ ಒಲೆ ಉರೀದೇ ಇರೋ ಊರು." ಕಾರು ತಿರುಗಿಸುವುದಕ್ಕೆ ಜಾಗ ಸಾಲದೆ ಹಿಮ್ಮುಖವಾಗಿಯೇ ಹೋದರು. ಮೇಯರು ಗೇಟಿನ ಹತ್ತಿರವೇ ಉಳಿದರು. ಯಾರೋ ಅವರ ಕೈಗೂ ಒಂದು ಡಬ್ಬಿ ಕೊಟ್ಟರು.

ನಾನು ಬಂದು ಭಾವನಿಗೆ ವಿಷಯ ಹೇಳಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ, ಇನ್ನೊಂದು ಬಾಗಿಲ ಹಲಗೆ ಒಳಗೆ ತಳ್ಳಿದರು. ಆಮೇಲೆ ಕೆಮ್ಮು ಬಂತು. ತುಟಿ ನೀಲಿಯಾಯಿತು. ಗಂಜಿ ಹಿಡಿದು ಬಂದ ಅಕ್ಕ ಬಾಗಿಲಲ್ಲೇ ನಿಂತು, ಅವತ್ತು ಮೊದಲ ಸಲ ನನ್ನ ಮುಖ ನೋಡಿದಳು.

ನಾನು ಹಿಡಿಯ ಮೇಲೆ ಕೈಯಿಟ್ಟೆ. ಕರ್ಚೀಫು ಸುತ್ತಲಿಲ್ಲ.

"ಇನ್ನು ಬೆಂಕಿ ನಂದು ಭಾವ. ನೀವು ಹೋಗಿ," ಅಂದೆ.

ಭಾವ ನನ್ನನ್ನೇ ನೋಡಿದರು. "ನಿನ್ನ ಮಾತನ್ನ ಊರಲ್ಲಿ ಯಾರು ನಂಬ್ತಾರೋ," ಅಂದರು.

"ನಂಬಬೇಡಿ. ಕೂತ್ಕೊಂಡು ನೋಡಿ."

ಸ್ವಲ್ಪ ಹೊತ್ತು ನೋಡಿದರು. ನಾನು ಹಲಗೆ ತಳ್ಳಿದೆ, ಬೂದಿ ಎಳೆದೆ, ಮತ್ತೆ ತಳ್ಳಿದೆ. ಆಮೇಲೆ ಭಾವ ಎದ್ದು ಅಕ್ಕನ ಹೆಗಲು ಹಿಡಿದು ಹೊರಟರು. ಮನೆಯ ಮೆಟ್ಟಿಲ ಮೇಲೆ ಕೂತು, ಚಿಮಣಿ ಕಡೆ ನೋಡಿ, ಹೊಗೆ ಬರುತ್ತಿದೆ ಅಂತ ಖಾತ್ರಿ ಮಾಡಿಕೊಂಡು ಕಣ್ಣು ಮುಚ್ಚಿದರಂತೆ. ಜನ ಹೇಳಿದ್ದು. ಹೆಣಕ್ಕೆ ಹೆಗಲು ಕೊಡುವುದಕ್ಕೂ ನಾನು ಹೋಗಲಿಲ್ಲ. ಬೆಂಕಿ ಬಿಟ್ಟು ಏಳುವ ಹಾಗಿಲ್ಲವಲ್ಲ. ಅಕ್ಕನೂ ಮತ್ತೆ ಈ ಕಡೆ ಬರಲಿಲ್ಲ.

ಇಷ್ಟೇ ಕತೆ. ನೀವು ಚೆನ್ನಾಗಿ ಕೇಳಿದಿರಿ, ನಡುವೆ ಒಮ್ಮೆಯೂ ಆಕಳಿಸಲಿಲ್ಲ. ಮೈಕೈಯೂ ಬೆಚ್ಚಗಾಗಿರಬೇಕು. ನನಗೆ ಅಕ್ಕನನ್ನು ಒಮ್ಮೆ ನೋಡಿ ಬರಬೇಕು, ಇಲ್ಲೇ ಪಕ್ಕದ ರಸ್ತೆ. ಎಲ್ಲಿ, ಸ್ವಲ್ಪ ಹತ್ತಿರ ಬನ್ನಿ. ಈ ಹಿಡಿ ಅಂಥ ಬಿಸಿಯೇನಿಲ್ಲ, ಬೇಕಾದರೆ ಮುಟ್ಟಿ ನೋಡಿ. ಮುಟ್ಟಿದ ಮೇಲೆ ಒಂದು ಮಾತು ಹೇಳಬೇಕು. ಅದು ನಿಮಗೆ ಈಗ ಬಾಯಿಪಾಠವಾಗಿದೆಯಲ್ಲ.