ನರ್ಸಾಗಿ ಸೇರಿದವಳು

ಅತ್ತೆ ಬಚ್ಚಲಲ್ಲಿ ಜಾರಿಬಿದ್ದರೆಂದು ಫೋನ್ ಬಂದಾಗ ನರ್ಸಕ್ಕ ಯಾರಿಗೂ ಹೇಳದೆ ವಾರ್ಡು ಬಿಟ್ಟು ಓಡಿದ್ದು ನಿಜ. ಹಾಗೆಂದು ಆಕೆಯೇ ಬರೆದುಕೊಟ್ಟಿದ್ದಳು. ಸರ್ಕಾರಿ ಆಸ್ಪತ್ರೆಯ ಮುಖ್ಯಸ್ಥರಾದ ದೊಡ್ಡ ಡಾಕ್ಟರಿಗೆ ಅಷ್ಟು ಸಾಲಲಿಲ್ಲ. "ಇವರನ್ನ ಆಯಾ ಮಾಡಿ," ಎಂದರು.

ಹೆಡ್ ಕ್ಲರ್ಕ್ ಕೆಮ್ಮಿದರು. "ಸರ್, ನರ್ಸಾಗೇ ನೇಮಕ ಆದವರನ್ನ ಅದಕ್ಕಿಂತ ಕೆಳಗಿಳಿಸೋಕೆ ನಿಯಮ ಒಪ್ಪಲ್ಲ. ಬೇಕಾದ್ರೆ ಇನ್‌ಕ್ರಿಮೆಂಟ್ ತಡೀಬಹುದು."

"ನಿಯಮ ನಾನು ನೋಡ್ಕೋತೀನಿ. ನೀವು ಟೈಪ್ ಮಾಡಿ."

ನರ್ಸಕ್ಕ ಮೇಲಧಿಕಾರಿಗೆ ಅರ್ಜಿ ಹಾಕಿದಳು. ಅದು ಯಾವ ಮೇಜಿನ ಮೇಲೆ ಮಲಗಿತೋ, ತಿಂಗಳುಗಟ್ಟಲೆ ಸುದ್ದಿಯಿಲ್ಲ. ಅಲ್ಲಿಯವರೆಗೆ ತಾನೇ ನೋಡಿಕೊಳ್ಳುತ್ತಿದ್ದ ವಾರ್ಡಿನ ನೆಲ ಒರೆಸಿದಳು.

"ಆ ಡಾಕ್ಟ್ರಿಗೆ ಒಂದ್ಸಲ ಕೈ ಮುಗಿದುಬಿಡೆ, ಪೀಡೆ ಕಳೀಲಿ," ಎಂದ ಗಂಡ.

ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದ ಅತ್ತೆ ಗದರಿದರು. "ಬಿದ್ದವಳು ನಾನು ಕಣೋ. ಅವಳ್ಯಾಕೆ ಕೈ ಮುಗೀಬೇಕು?"

ಒಂದು ಬೆಳಗ್ಗೆ ಹೊಸ ನರ್ಸ್ ಹುಡುಗಿ ಒಬ್ಬ ಮುದುಕನ ಕೈಗೆ ಡ್ರಿಪ್ಪಿನ ಸೂಜಿ ಚುಚ್ಚಿದಳು, ತೆಗೆದಳು, ಮತ್ತೆ ಚುಚ್ಚಿದಳು. ನರ ಸಿಗಲಿಲ್ಲ. ಮುದುಕ ಹಲ್ಲು ಕಚ್ಚಿ ಅಳುತ್ತಿದ್ದ. ನರ್ಸಕ್ಕ ಎಷ್ಟು ಹೊತ್ತು ಬೇರೆ ಕಡೆ ನೋಡಿಯಾಳು? ನೆಲ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ, ಕೈ ತೊಳೆದು ಬಂದಳು. "ಕೊಡಮ್ಮ ಇಲ್ಲಿ." ಸೂಜಿ ಒಂದೇ ಸಲಕ್ಕೆ ಕೂತಿತು.

ಸಂಜೆಯೊಳಗೆ ನೋಟಿಸ್ ಬಂತು: ಆಯಾ ಆಗಿದ್ದೂ ನರ್ಸಿನ ಕೆಲಸ ಮಾಡಿದ್ದೇಕೆ?

ನರ್ಸಕ್ಕನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆ ನೋಟಿಸನ್ನೂ ಹಿಡಿದು ನೆಟ್ಟಗೆ ಮೇಲಧಿಕಾರಿಯ ಕಚೇರಿಗೆ ಹೋಗಿ ಬೆಂಚಿನ ಮೇಲೆ ಕೂತಳು. ಒಳಗೆ ಕರೆಯುವವರೆಗೆ ಏಳಲಿಲ್ಲ.

ಅಂತೂ ವಿಚಾರಣೆ ನಡೆಯಿತು. ಮೇಲಧಿಕಾರಿ ಎರಡೂ ಕಾಗದ ಓದಿ ಕನ್ನಡಕ ತೆಗೆದರು. "ಡಾಕ್ಟ್ರೇ, ಶಿಕ್ಷೆ ಕೊಡೋ ಅಧಿಕಾರ ನಿಮಗಿದೆ. ಮನಸ್ಸಿಗೆ ಬಂದ ಶಿಕ್ಷೆ ಹುಟ್ಟಿಸೋ ಅಧಿಕಾರ ಇಲ್ಲ. ಇವರು ಸೇರಿದ್ದೇ ನರ್ಸಾಗಿ."

ಆದೇಶವೂ ನೋಟಿಸೂ ರದ್ದಾದವು. ಹೇಳದೆ ಹೋದ ತಪ್ಪಿಗೆ ಒಂದು ವರ್ಷದ ಇನ್‌ಕ್ರಿಮೆಂಟ್ ನಿಂತಿತು. ಅವಳು ಅದನ್ನು ಒಪ್ಪಿ ಸಹಿ ಹಾಕಿದಳು.

ಹೊರಗೆ ದೊಡ್ಡ ಡಾಕ್ಟರು ಮುಖ ಗಂಟು ಹಾಕಿಕೊಂಡು ಕೇಳಿದರು. "ಈಗ ಖುಷಿ ಆಯ್ತಾ?"

"ಸಾಕಾಗಿದೆ ಸರ್," ಎಂದಳು. "ಇನ್‌ಕ್ರಿಮೆಂಟ್ ತಡೆಯೋದನ್ನ ನೀವು ಮೊದಲನೇ ದಿನವೇ ಮಾಡಬಹುದಿತ್ತು."

ಮರುದಿನ ವಾರ್ಡಿನಲ್ಲಿ ಎರಡು ಹಾಸಿಗೆಗೆ ಹೊದಿಕೆಯಿರಲಿಲ್ಲ. ಉಗ್ರಾಣದವನ ಜೊತೆ ಜಗಳಕ್ಕೆ ಹೊರಟಳು.