ಹೂಂ ಅಂದರೆ ಹೌದಲ್ಲ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಹೇಳುತ್ತಾಳೆ. ಇರಲಿ ಬಿಡಿ, ಎಲ್ಲಾದರೂ ಇರಬೇಕಲ್ಲ. ಆದರೆ ಆ ಸೋಮವಾರ ಬೆಳಿಗ್ಗೆ, ಬರಬೇಕಾದ ಹೊತ್ತಿನಲ್ಲಿ, ಅದು ಎಲ್ಲಿ ಹಾಳಾಗಿ ಹೋಗಿತ್ತೋ ಗೊತ್ತಿಲ್ಲ.

ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯ ಆಫೀಸಿನಲ್ಲಿ ನಾನು ಟೈಪಿಸ್ಟು. ಅಮ್ಮನ ತಮ್ಮ, ಅಂದರೆ ನನ್ನ ಸೋದರಮಾವ, ಅಲ್ಲೇ ಇಸ್ತ್ರಿ ಯಂತ್ರ ನೋಡಿಕೊಳ್ಳುತ್ತಾನೆ. ಇಪ್ಪತ್ತೆರಡು ವರ್ಷವಾಯಿತು. ಎರಡು ಬಿಸಿ ಉರುಳೆಗಳ ನಡುವೆ ಒದ್ದೆ ಬೆಡ್‌ಶೀಟು ಕೊಟ್ಟರೆ ಆಚೆ ಕಡೆ ಗರಿಗರಿಯಾಗಿ ಬರುತ್ತದೆ. ಉರುಳೆಗಳ ಮುಂದೆ ಒಂದು ಕಂಬಿ ಇದೆ, ಕೈ ತಾಗಿದರೆ ಯಂತ್ರ ತಟ್ಟನೆ ನಿಲ್ಲಲಿ ಅಂತ. ಬಟ್ಟೆ ಮುದ್ದೆಯಾಗಿ ತಾಗಿದರೂ ನಿಲ್ಲುತ್ತದೆ. ನಮ್ಮ ಮ್ಯಾನೇಜರನಿಗೆ ಅದೇ ಕಣ್ಣುರಿ. ಹಿಂದಿನ ವಾರ ಆ ಕಂಬಿ ಅಲ್ಲಾಡದಂತೆ ತಂತಿ ಬಿಗಿಯಲಾಗಿತ್ತು. ಗುಂಗುರು ಕೂದಲಿನ ಹೊಸ ಹುಡುಗಿಯ ನಾಲ್ಕು ಬೆರಳು ಒಳಗೆ ಹೋದವು. ಯಂತ್ರ ನಿಲ್ಲಲಿಲ್ಲ.

ತಂತಿ ಕಟ್ಟಿದ್ದು ಯಾರು, ಕಟ್ಟಿಸಿದ್ದು ಯಾರು? ಇದೇ ವಿಚಾರಣೆ. ಮಾವನ ತಪ್ಪೆಂದಾದರೆ ಕೆಲಸವಂತೂ ಹೋಗುತ್ತದೆ; ಜೊತೆಗೆ ಒಂದು ಹುಡುಗಿಯ ಕೈ ಸುಟ್ಟವನು ಎಂಬ ಹೆಸರು ಸಾಯುವವರೆಗೂ ಅವನ ಬೆನ್ನು ಬಿಡುವುದಿಲ್ಲ.

ಮಾವನ ಬಗ್ಗೆ ಒಂದು ಮಾತು ಹೇಳಲೇಬೇಕು. ಮನೆಯಲ್ಲಿ ಅವನಿಗೆ ಹೂಂ ಮಾವ ಎಂದೇ ಹೆಸರು. ನೀವು ಏನೇ ಹೇಳಿ, ಹೂಂ ಅನ್ನುತ್ತಾನೆ. ಚಿಕ್ಕವಳಿದ್ದಾಗ ನಾನು ತಲೆಬುಡವಿಲ್ಲದ ಕಥೆ ಕಟ್ಟಿ ಹೇಳುತ್ತಿದ್ದರೆ ಇಡೀ ಮನೆಯಲ್ಲಿ ಹೂಂಗುಟ್ಟುತ್ತಾ ಕೂರುತ್ತಿದ್ದವನು ಅವನೊಬ್ಬನೇ. ಆನೆ ಹಾರಿತು ಅಂದರೆ ಹೂಂ. ಹಾರಿ ಮೀನು ನುಂಗಿತು ಅಂದರೆ ಹೂಂ. ಯಂತ್ರದ ಗದ್ದಲಕ್ಕೆ ಈಗ ಅವನ ಎಡಗಿವಿ ಮಂದ. ಹಾಗಾಗಿ ಬಲಗಿವಿ ಮುಂದೆ ಮಾಡಿ, ತಲೆ ಬಗ್ಗಿಸಿ, ನೆಲ ನೋಡುತ್ತಾ ಕೇಳುತ್ತಾನೆ.

ಸೋಮವಾರ ಮ್ಯಾನೇಜರನ ಮೇಜಿನ ಮುಂದೆ ಹಾಗೇ ನಿಂತಿದ್ದ. ಮ್ಯಾನೇಜರ್ ಒಂದು ಹಾಳೆ ಹಿಡಿದು ಓದತೊಡಗಿದ. ನಾನು ಪಕ್ಕದ ಕಂಪ್ಯೂಟರಿನಲ್ಲಿ ಪ್ರಶ್ನೆ, ಉತ್ತರ ಟೈಪ್ ಮಾಡುತ್ತಿದ್ದೆ.

"ಕಂಬಿಗೆ ತಂತಿ ಕಟ್ಟಿದ್ದು ನೀನು."

"ಹೂಂ."

"ಯಾರನ್ನೂ ಕೇಳದೆ ನಿನ್ನಿಷ್ಟಕ್ಕೆ ಕಟ್ಟಿದೀಯ."

"ಹೂಂ..."

"ಹುಡುಗಿಗೆ ಎಚ್ಚರಿಕೆನೂ ಕೊಟ್ಟಿಲ್ಲ."

"ಹೂಂ."

ನನ್ನ ಬೆರಳು ನಿಂತವು. ಆ ಹೂಂ ನನಗೆ ಚೆನ್ನಾಗಿ ಗೊತ್ತು. 'ಹೇಳಿ, ಕೇಳಿಸಿಕೊಳ್ತಾ ಇದೀನಿ, ನಿಮ್ಮದು ಮುಗೀಲಿ' ಅನ್ನುವ ಹೂಂ ಅದು. ಆನೆ ಹಾರಿದಾಗಿನ ಹೂಂ.

"ಯಾಕಮ್ಮಾ ನಿಲ್ಲಿಸಿದೆ?" ಎಂದ ಮ್ಯಾನೇಜರ್.

"ಸಾರ್, ಹೂಂ ಅಂದ್ರೆ..."

"ಹೂಂ ಅಂದ್ರೆ ಹೌದು. ಹೌದು ಅಂತ ಹೊಡಿ. ತಲೆ ತಗ್ಗಿಸಿ ನಿಂತಿದ್ದ ಅಂತಾನೂ ಸೇರಿಸು. ಸಂಬಂಧ ಎಲ್ಲ ಮನೇಲಿಟ್ಕೋ."

ಹೊಡೆದೆ. ಹೌದು, ಹೌದು, ಹೌದು. ನನ್ನ ಕೈಗಿಷ್ಟು ಬೆಂಕಿ ಹಾಕ! ಓದಿ ಮುಗಿದ ಮೇಲೆ ಮಾವ ತಲೆಯೆತ್ತಿ, "ಈಗ ನಾನು ಹೇಳ್ಲಾ ಸಾರ್?" ಎಂದ.

"ಎಲ್ಲ ಒಪ್ಕೊಂಡಾಯ್ತಲ್ಲ, ಇನ್ನೇನು ಹೇಳ್ತೀಯ? ಇಲ್ಲೊಂದು ಸಹಿ ಹಾಕು."

ತಲೆಯೆತ್ತಿದ್ದ ಮಾವನಿಗೆ ಸಹಿ ಅನ್ನುವುದಷ್ಟೇ ಕೇಳಿಸಿತ್ತು; ವಿಚಾರಣೆಗೆ ಬಂದಿದ್ದಕ್ಕೆ ಇರಬೇಕು ಎಂದುಕೊಂಡು ಹಾಕಿದ. ನಾನು ಬಾಯಿಗೆ ಬೀಗ ಹಾಕಿಕೊಂಡು ಕುಳಿತಿದ್ದೆ.

ಸಂಜೆ ವಿಷಯ ತಿಳಿದ ಅಮ್ಮ ತೊಳೆಯುತ್ತಿದ್ದ ಪಾತ್ರೆಯನ್ನು ಕುಕ್ಕಿದಳು. "ಅವನು ಹುಟ್ಟಿದಾಗಿಂದ ಹೂಂ ಅಂತಾನೆ ಕಣೇ! ನಿನಗೆ ಗೊತ್ತಿರ್ಲಿಲ್ವಾ? ಅವರಿಗೆ ಗೊತ್ತಿಲ್ದಿದ್ರೆ ಬೇರೆ ಮಾತು. ನೀನು, ನಿನ್ನ ಕೈಯಾರೆ..." ಎಂದು ಮತ್ತೆ ಪಾತ್ರೆ ತಿಕ್ಕತೊಡಗಿದಳು. ನನಗೆ ಬೈಗುಳ ಬೇಕಿತ್ತು, ಅದನ್ನೂ ಕೊಡಲಿಲ್ಲ. ಮೈಯೆಲ್ಲ ಉರಿಯಿತು. ಆ ಮ್ಯಾನೇಜರನ ಮೇಲೆ ಎಷ್ಟೋ, ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಶುಕ್ರವಾರ ಲಾಂಡ್ರಿಯ ಯಜಮಾನಿ ಬಂದರು. ವಯಸ್ಸಾದವರು, ಮಾತು ಕಡಿಮೆ. ಮಾವನನ್ನು ಕೆಲಸದಿಂದ ತೆಗೆಯುವ ಆದೇಶಕ್ಕೆ ಅವರ ಸಹಿ ಬೇಕಿತ್ತು. ಮ್ಯಾನೇಜರ್ ನನ್ನ ಹಾಳೆ ಮುಂದಿಟ್ಟು, "ಎಲ್ಲ ಒಪ್ಕೊಂಡಿದಾನೆ ಮೇಡಂ" ಎಂದು ಬೆಣ್ಣೆಯಂಥ ದನಿಯಲ್ಲಿ ಹೇಳಿದ.

ಯಜಮಾನಿ ಪೆನ್ನು ಕೈಯಲ್ಲಿ ಹಿಡಿದು ಮಾವನ ಕಡೆ ನೋಡಿದರು. "ಆದ್ರೂ ಇವರ ಬಾಯಲ್ಲಿ ಒಂದ್ಸಲ ಕೇಳೋಣ. ಟೈಪ್ ಆಗ್ಲಿ."

ಮಾವ ಮ್ಯಾನೇಜರನ ಕಡೆ ತಿರುಗಿದ. "ಅವತ್ತು ಬೆಳಿಗ್ಗೆ ನೀವು ಇಸ್ತ್ರಿ ಕೋಣೆಗೆ ಬಂದ್ರಿ ಸಾರ್."

"ಹೂಂ," ಎಂದ ಮ್ಯಾನೇಜರ್. ಕಣ್ಣು ಫೋನಿನ ಮೇಲಿತ್ತು, ತುಟಿಯ ಮೇಲೆ ಸಣ್ಣ ನಗು.

"ಯಂತ್ರ ಪದೇ ಪದೇ ನಿಲ್ತಿದೆ, ಕಂಬಿ ಕಟ್ಟಿಬಿಡು ಅಂದ್ರಿ."

"ಹೂಂ, ಹೂಂ."

"ಬೇಡ ಸಾರ್, ಯಾರದಾದ್ರೂ ಕೈ ಹೋಗುತ್ತೆ ಅಂದೆ. ನೀವೇ ತಂತಿ ತಂದುಕೊಟ್ರಿ. ಕಟ್ಟಿದ ಕೈ ನಂದೇ, ಅದನ್ನ ಇಲ್ಲ ಅನ್ನಲ್ಲ."

"ಹೂಂ, ಹೇಳು ಹೇಳು."

ನಾನು ಟೈಪ್ ಮಾಡಿದೆ. ಮ್ಯಾನೇಜರನದೇ ನಿಯಮದ ಪ್ರಕಾರ, ಒಂದಕ್ಷರ ಆಚೀಚೆ ಆಗದಂತೆ. ನನ್ನ ಕೋಪ ಕೊನೆಗೂ ದಾರಿ ಹುಡುಕಿಕೊಂಡು ಮನೆಗೆ ಬಂದಿತ್ತು.

"ಓದು," ಎಂದರು ಯಜಮಾನಿ.

ಎದ್ದು ನಿಂತು ಓದಿದೆ. "ಕಂಬಿ ಕಟ್ಟಲು ಮ್ಯಾನೇಜರ್ ಹೇಳಿದರು ಎಂಬುದಕ್ಕೆ ಮ್ಯಾನೇಜರ್ ಉತ್ತರ: ಹೌದು. ತಂತಿಯನ್ನೂ ಅವರೇ ತಂದುಕೊಟ್ಟರು ಎಂಬುದಕ್ಕೆ ಉತ್ತರ: ಹೌದು. ಉತ್ತರ ಕೊಡುವಾಗ ತಲೆ ತಗ್ಗಿಸಿದ್ದರು."

ಮ್ಯಾನೇಜರ್ ಕುರ್ಚಿಯಿಂದ ಹಾರಿಬಿದ್ದ. "ಏಯ್! ನಾನೆಲ್ಲಿ ಹೌದು ಅಂದೆ? ತಲೆ ತಗ್ಗಿಸಿದ್ದು ಫೋನ್ ನೋಡೋಕೆ!"

"ಹೂಂ ಅಂದ್ರಲ್ಲ ಸಾರ್. ಹೂಂ ಅಂದ್ರೆ ಹೌದು ಅಂತ ಹೊಡಿ ಅಂತ ಸೋಮವಾರ ನೀವೇ ಹೇಳಿದ್ದು."

"ಅದು... ಅದು ಕೇಳಿಸ್ಕೊಳ್ತಾ ಇದೀನಿ ಅಂತ ಅನ್ನೋ ಹೂಂ!"

"ಮಾವಂದೂ ಅದೇ ಸಾರ್!" ನನ್ನ ದನಿ ಕೋಣೆಯ ಗೋಡೆಗೆ ಬಡಿಯಿತು. "ನಿಮ್ಮ ಹೂಂಗೆ ಒಂದು ಅರ್ಥ, ಅವನ ಹೂಂಗೆ ಇನ್ನೊಂದಾ? ನೀವು ತಲೆ ಬಗ್ಗಿಸಿದ್ರೆ ಫೋನು, ಅವನು ಬಗ್ಗಿಸಿದ್ರೆ ತಪ್ಪೊಪ್ಪಿಗೆನಾ? ಕಿವಿ ಕೇಳಿಸದೆ ಬಗ್ಗೋ ಮನುಷ್ಯನ ತಲೆ ಮೇಲೆ ಗೂಬೆ ಕೂರಿಸಿದ್ರಲ್ಲ, ನಾಚಿಕೆ ಆಗಲ್ವಾ?"

ಇಂಗು ತಿಂದ ಮಂಗನಂತಾಗಿತ್ತು ಅವನ ಮುಖ. ಯಜಮಾನಿ ನನ್ನನ್ನು ಕೈಸನ್ನೆಯಲ್ಲೇ ಕೂರಿಸಿದರು. ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಮ್ಯಾನೇಜರನಿಗೆ ಹೇಳಿದರು: "ಹೂಂ ಬೇಡ. ತಂತಿ ಕೊಟ್ರಾ, ಇಲ್ವಾ?"

ಅವನು ಕಿಟಕಿ ನೋಡಿದ. ಕತ್ತಿನ ಬೆವರು ಒರೆಸಿಕೊಂಡ.

"ಇದನ್ನ ಏನಂತ ಹೊಡೀತೀಯಮ್ಮ?" ಎಂದು ಯಜಮಾನಿ ನನ್ನನ್ನು ಕೇಳಿದರು.

'ಹೌದು' ಅಂತ ಹೊಡೆಯಲು ಕೈ ತುರಿಸುತ್ತಿತ್ತು. ಹೊಡೆಯಲಿಲ್ಲ. "ಉತ್ತರ ಕೊಡಲಿಲ್ಲ ಅಂತ ಮೇಡಂ. ಆಗಿದ್ದು ಅಷ್ಟೇ."

ಅವರು ಆದೇಶದ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿದರು. ಮಾವನಿಗೆ, "ನೀವು ಕೆಲಸಕ್ಕೆ ಹೋಗಿ. ಮೊದಲು ಆ ತಂತಿ ಬಿಚ್ಚಿ," ಎಂದರು. ಮ್ಯಾನೇಜರನಿಗೆ ಕೂತಿರಲು ಹೇಳಿ, ನನ್ನನ್ನು ಹೊರಗೆ ಕಳಿಸಿದರು.

ಮೆಟ್ಟಿಲಲ್ಲಿ ಮಾವ ಮುಂದೆ ಇಳಿಯುತ್ತಿದ್ದ. ನಾನು ಅವನ ಬಲಗಿವಿಯ ಕಡೆಗೆ ಹೋದೆ. ಗೆದ್ದುಬಂದ ಹುರುಪು ಇನ್ನೂ ಇತ್ತು, ಬೆನ್ನು ತಟ್ಟುತ್ತಾನೆ ಎಂದುಕೊಂಡಿದ್ದೆ. ಅವನು ತಿರುಗಿಯೂ ನೋಡಲಿಲ್ಲ.

"ಮಾವ, ಸೋಮವಾರ ಹಾಗೆ ಮಾಡಿದೆ ಅಂತ ನನ್ನ ಮೇಲೆ ಕೋಪಾನಾ?"

ಅವನು ನಿಂತ. ಈ ಸಲ ನೆಲ ನೋಡಲಿಲ್ಲ, ತಲೆಯೆತ್ತಿ ನನ್ನ ಕಣ್ಣನ್ನೇ ನೋಡಿದ.

"ಹೂಂ," ಎಂದ.

ಆ ಹೂಂ ಮಾತ್ರ ಹೌದು.